ಬಾಗಿಲ ಒಳಗೆ ಹದಿನಾಲ್ಕು ದಿನ

2020ರ ಮಾರ್ಚ್ ಮೂರನೇ ವಾರದಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರದೇಶಗಳಿಂದ ಬಂದಿಳಿದವರ ಕೈಗೆ ಮುದ್ರೆ ಬೀಳತೊಡಗಿತು. ಯಾವ ತಾರೀಕಿನವರೆಗೆ ಮನೆಯಿಂದ ಹೊರಗೆ ಕಾಲಿಡಬಾರದು ಎಂಬುದು ಅದರಲ್ಲಿತ್ತು. ಉಜ್ಜಿದರೂ ಅಳಿಸಿಹೋಗದ ಮತದಾನದ ಶಾಯಿಯನ್ನು ಈ ಕೆಲಸಕ್ಕೆ ಬಳಸಿಕೊಳ್ಳಲು ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಿತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆಳಕು ತಾಗಿದಂತೆ ಅದು ಚರ್ಮದ ಮೇಲ್ಪದರದಲ್ಲಿ ಕಪ್ಪಾಗಿ ನಿಲ್ಲುತ್ತದೆ. ಆ ಪದರವೇ ಸವೆದು ಹೊಸ ಚರ್ಮ ಬರುವವರೆಗೆ ಕಲೆ ಹೋಗುವುದಿಲ್ಲ.

ಕರ್ನಾಟಕದ ಮೊದಲ ಕೋವಿಡ್ ಪ್ರಕರಣ ಮಾರ್ಚ್ 9ರಂದು ಖಚಿತವಾಗಿತ್ತು. ಅಮೆರಿಕದಿಂದ ಬೆಂಗಳೂರಿಗೆ ಮರಳಿದ್ದ ಟೆಕ್ಕಿ ಅವರು. ಸೌದಿ ಅರೇಬಿಯಾಕ್ಕೆ ಹೋಗಿ ಬಂದಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅದು ಭಾರತದ ಮೊದಲ ಕೋವಿಡ್ ಸಾವು ಎಂಬುದು 12ರಂದು ತಿಳಿಯಿತು. 22ರ ಹೊತ್ತಿಗೆ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅಷ್ಟರೊಳಗೆ ಹೇಗೋ ಮನೆ ಸೇರಿಕೊಂಡವರ ಪಾಲಿಗೆ ಉಳಿದದ್ದು ಒಂದು ಕೋಣೆ, ಒಂದು ಕಿಟಕಿ, 14 ದಿನ. ಬಾಗಿಲಾಚೆ ಅಮ್ಮ ತಟ್ಟೆ ಇಟ್ಟು ಹಿಂದೆ ಸರಿದ ಸದ್ದು ಕೇಳಿದ ಮೇಲೆ ಚಿಲಕ ತೆಗೆಯುವ ದಿನಗಳು ಅವು.

ಆ ಕೋಣೆಯೊಳಗೆ ದೇಹಕ್ಕೂ ಮನಸ್ಸಿಗೂ ಏನಾಗುತ್ತಿತ್ತು ಎಂಬುದೇ ಈ ಅಧ್ಯಾಯದ ವಿಷಯ. ಕೋವಿಡ್ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ಕೇಳಬಹುದು. ನಿಪಾ ಕಾಣಿಸಿಕೊಂಡಾಗಲೆಲ್ಲ ನೆರೆಯ ಕೇರಳದಲ್ಲಿ ರೋಗಿಯ ಸಂಪರ್ಕಕ್ಕೆ ಬಂದವರನ್ನು 21 ದಿನ ನಿಗಾದಲ್ಲಿ ಇಡುತ್ತಾರೆ. ಮುಂದೆ ಯಾವುದೋ ಹೊಸ ಸೋಂಕು ಮತ್ತೆ ವಿಮಾನದಲ್ಲೇ ಬರುತ್ತದೆ. ಆಗಲೂ ಆರೋಗ್ಯವಂತರಾಗಿ ಕಾಣುವವರನ್ನು ಕೋಣೆಯಲ್ಲಿ ಕೂರಿಸಬೇಕಾಗುತ್ತದೆ.

ಆರೋಗ್ಯವಂತರನ್ನೇ ಏಕೆ? ಕೂತವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. ಸ್ಪಷ್ಟ ಉತ್ತರ ಸಿಕ್ಕವರು ಏಕಾಂತವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ವೈರಾಣು ದೇಹ ಹೊಕ್ಕ ದಿನವೇ ಜ್ವರ ಬರುವುದಿಲ್ಲ. ಕೋವಿಡ್‌ನ ಮೂಲ ತಳಿಯಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಲು ಸರಾಸರಿ 5 ದಿನ ಹಿಡಿಯುತ್ತಿತ್ತು. ಲಕ್ಷಣ ಕಾಣಿಸಿಕೊಳ್ಳುವವರ ಪೈಕಿ ಶೇಕಡಾ 97ಕ್ಕೂ ಹೆಚ್ಚು ಮಂದಿಗೆ ಹನ್ನೊಂದೂವರೆ ದಿನದೊಳಗೆ ಅದು ಕಾಣಿಸುತ್ತಿತ್ತು. 14 ದಿನ ದಾಟಿದ ಮೇಲೆ ಕಾಣಿಸುವವರು ನೂರಕ್ಕೆ ಒಬ್ಬರು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ, ಅಂದರೆ ತಾನು ಚೆನ್ನಾಗಿದ್ದೇನೆ ಎಂದು ಸೋಂಕಿತ ನಂಬಿರುವಾಗಲೇ, ಅವನ ಉಸಿರಿನಿಂದ ವೈರಾಣು ಹೊರಬೀಳುತ್ತಿರುತ್ತದೆ. ಹಾಗಾಗಿ ಮೈ ಬಿಸಿಯಾದ ಮೇಲೆ ದೂರ ಕೂರುತ್ತೇನೆ ಎಂದರೆ ತಡವಾಗಿರುತ್ತದೆ.

ಇಷ್ಟು ಗೊತ್ತಿದ್ದೂ ಕೋಣೆ ಸೇರಿದವರಿಗೆ ಮೊದಲ ರಾತ್ರಿಯೇ ಬೇರೊಂದು ತೊಂದರೆ ಎದುರಾಗುತ್ತದೆ. ಎರಡು ಗಂಟೆಗೆ ಎಚ್ಚರ, ತಲೆನೋವು, ಹೊಟ್ಟೆಯಲ್ಲಿ ಸಂಕಟ, ಮೈಕೈ ಸೋತ ಭಾವ, ಕಾರಣವಿಲ್ಲದೆ ಅಳು. ಇದು ರೋಗದ ಆರಂಭವೋ, ಒಂಟಿತನದ ಹೊಡೆತವೋ ಎಂದು ಗಾಬರಿಯಾಗುತ್ತದೆ. ಬಹಳಷ್ಟು ಸಲ ಎರಡೂ ಅಲ್ಲ. ಅದು ಜೆಟ್ ಲ್ಯಾಗ್.

ನಮ್ಮ ಮೆದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಉದ್ದ ಹೆಸರಿನ ಈ ಗುಂಪೇ ದೇಹದ ಮುಖ್ಯ ಗಡಿಯಾರ. ನಿದ್ರೆ, ಹಸಿವು, ಮೈಶಾಖ, ಹಾರ್ಮೋನುಗಳ ಏರಿಳಿತ ಇವೆಲ್ಲಕ್ಕೂ ಅದು ವೇಳೆ ಗೊತ್ತು ಮಾಡುತ್ತದೆ. ಮನುಷ್ಯರಲ್ಲಿ ಇದರ ಸಹಜ ಸುತ್ತು 24 ಗಂಟೆಗಿಂತ ಕೆಲವು ನಿಮಿಷ ಉದ್ದ. ದಿನವೂ ಕಣ್ಣಿಗೆ ಬೀಳುವ ಹಗಲಿನ ಬೆಳಕು ಆ ಹೆಚ್ಚುವರಿ ನಿಮಿಷಗಳನ್ನು ತಿದ್ದಿ ಸರಿಗಟ್ಟುತ್ತದೆ. ಇದಕ್ಕೆಂದೇ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಪ್ರತ್ಯೇಕ ಕೋಶಗಳಿವೆ. ನೋಟದ ವಿವರಗಳಿಗಿಂತ ಬೆಳಕು ಎಷ್ಟಿದೆ ಎಂಬ ಲೆಕ್ಕವೇ ಅವುಗಳ ಮುಖ್ಯ ಕೆಲಸ.

ವಿಮಾನ ನಮ್ಮನ್ನು ಒಂದೇ ದಿನದಲ್ಲಿ ನ್ಯೂಯಾರ್ಕಿನಿಂದ ಬೆಂಗಳೂರಿಗೆ ತಂದುಬಿಡುತ್ತದೆ. ಗಡಿಯಾರ ಅಷ್ಟು ಬೇಗ ಬರಲಾರದು. ಸ್ಥೂಲವಾಗಿ ದಿನಕ್ಕೊಂದು ಗಂಟೆಯಷ್ಟು ಅದು ಸರಿಯುತ್ತದೆ. ಅದೂ ಎಲ್ಲ ಅಂಗಗಳಲ್ಲಿ ಒಟ್ಟಿಗೆ ಅಲ್ಲ: ಯಕೃತ್ತು, ಕರುಳು, ಸ್ನಾಯು ಎಲ್ಲಕ್ಕೂ ತಮ್ಮದೇ ಉಪಗಡಿಯಾರಗಳಿವೆ. ಒಂದೇ ಮದುವೆಗೆ ಬೇರೆ ಬೇರೆ ಬಸ್ಸು ಹತ್ತಿದ ನೆಂಟರಂತೆ ಅವು ಹೊಸ ಊರಿನ ವೇಳೆಗೆ ಒಂದೊಂದಾಗಿ ಬಂದು ಸೇರುತ್ತವೆ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಮಾರ್ಚ್ ಕೊನೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರ. ಅಂದರೆ 14 ದಿನಗಳ ಏಕಾಂತದಲ್ಲಿ ಮೊದಲ ವಾರಕ್ಕೂ ಹೆಚ್ಚು ಕಾಲ ದೇಹ ಇನ್ನೂ ಪ್ರಯಾಣದಲ್ಲೇ ಇರುತ್ತದೆ. ದುಬೈನಿಂದ ಮಂಗಳೂರಿಗೆ ಬಂದವರಿಗೆ ಅಂತರ ಬರೀ ಒಂದೂವರೆ ಗಂಟೆ. ಅವರಿಗೆ ಈ ಕಾಟ ಎರಡು ದಿನದ್ದು.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಏಕಾಂತದಲ್ಲಿದ್ದವರ ಕೈಯಲ್ಲಿ ಥರ್ಮಾಮೀಟರ್ ಇರುತ್ತದೆ, ಗಳಿಗೆಗೊಮ್ಮೆ ನೋಡುವ ಚಟವೂ ಹತ್ತಿಕೊಳ್ಳುತ್ತದೆ. ಮೈಶಾಖ ದಿನವಿಡೀ ಒಂದೇ ಆಗಿರುವುದಿಲ್ಲ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ತೀರ ಕಡಿಮೆ, ಸಂಜೆ ಎಲ್ಲಕ್ಕಿಂತ ಹೆಚ್ಚು. ನಡುವಣ ವ್ಯತ್ಯಾಸ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಡಿಗ್ರಿ. ನ್ಯೂಯಾರ್ಕಿನಿಂದ ನಿನ್ನೆಯಷ್ಟೇ ಬಂದವರ ದೇಹಕ್ಕೆ ಆ ಸಂಜೆಯ ಏರಿಕೆ ನಮ್ಮ ನಡುರಾತ್ರಿ ಮೂರು ಗಂಟೆಯ ಸುಮಾರಿಗೆ ಬರುತ್ತದೆ! ನಿದ್ರೆ ಬಾರದೆ ಎದ್ದು ಕೂತು, ಭಯದಲ್ಲಿ ಥರ್ಮಾಮೀಟರ್ ಬಾಯಿಗಿಟ್ಟುಕೊಂಡರೆ ಹಿಂದಿನ ಮಧ್ಯಾಹ್ನಕ್ಕಿಂತ ಒಂದು ಡಿಗ್ರಿ ಹೆಚ್ಚು ಕಾಣುತ್ತದೆ. ಅದು ಜ್ವರ ಅಲ್ಲ. ಜೆಟ್ ಲ್ಯಾಗ್‌ನಿಂದ ತಲೆ ನೋಯುತ್ತದೆ, ಹೊಟ್ಟೆ ಕೆಡುತ್ತದೆ, ಆದರೆ 100 ಡಿಗ್ರಿ ದಾಟಿ ಅಲ್ಲೇ ನಿಲ್ಲುವ ಜ್ವರವಾಗಲಿ, ಕೆಮ್ಮಾಗಲಿ, ಮೂಗಿಗೆ ವಾಸನೆ ತಿಳಿಯದಂತಾಗುವುದಾಗಲಿ ಅದರಿಂದ ಬರುವುದಿಲ್ಲ. ದಿನಕ್ಕೆರಡು ಸಲ, ನಿಗದಿತ ವೇಳೆಗೆ ನೋಡಿ ಬರೆದಿಟ್ಟುಕೊಂಡರೆ ಸಾಕು. ಬಿಡಿ ಅಂಕಿಗಳು ಹೆದರಿಸುತ್ತವೆ, ಸಾಲಾಗಿ ಬರೆದವು ದಾರಿ ತೋರುತ್ತವೆ.

ಗಡಿಯಾರ ತಿದ್ದಲು ಬೆಳಕೇ ಮದ್ದು. ಆದರೆ ಕೋಣೆಯೊಳಗೆ ಅದು ನಾವಂದುಕೊಂಡಷ್ಟು ಇರುವುದಿಲ್ಲ. ಮೋಡ ಕವಿದ ಹಗಲಲ್ಲೂ ಹೊರಗೆ 10,000 ಲಕ್ಸ್‌ನಷ್ಟು ಬೆಳಕಿರುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ಆ ಅಂತರ ತಿಳಿಯುವುದಿಲ್ಲ, ಮೆದುಳಿನ ಗಡಿಯಾರಕ್ಕೆ ತಿಳಿಯುತ್ತದೆ. ಮಂಚದ ಮೂಲೆಯಲ್ಲಿ ಕೂರುವ ಬದಲು ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡರೆ ಕಣ್ಣಿಗೆ ಬೀಳುವ ಬೆಳಕು ಹಲವು ಪಟ್ಟು ಹೆಚ್ಚುತ್ತದೆ. ಬಾಲ್ಕನಿ ಇದ್ದರಂತೂ ಭಾಗ್ಯ.

ಬೆಳಕು ಯಾವ ಹೊತ್ತಿಗೆ ಬೀಳಬೇಕು ಎಂಬುದು ಎಲ್ಲಿಂದ ಬಂದಿರಿ ಎಂಬುದನ್ನು ಅವಲಂಬಿಸಿದೆ. ಮೈಶಾಖ ತೀರ ಕೆಳಗಿಳಿದ ಗಳಿಗೆಯ ನಂತರ ಬೀಳುವ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅದಕ್ಕೆ ಮೊದಲು ಬೀಳುವುದು ಹಿಂದಕ್ಕೆ ಎಳೆಯುತ್ತದೆ. ಚಳಿಗಾಲದಲ್ಲಿ ಲಂಡನ್ನಿಗೂ ನಮಗೂ ಐದೂವರೆ ಗಂಟೆಯ ಅಂತರ. ಅಲ್ಲಿಂದ ಬಂದವರಿಗೆ ಆ ಗಳಿಗೆ ನಮ್ಮ ಬೆಳಗಿನ ಹತ್ತರ ಆಸುಪಾಸು. ಮೊದಲ ದಿನ ಅವರು ಹತ್ತರವರೆಗೆ ಪರದೆ ಎಳೆದುಕೊಂಡಿದ್ದು, ಆಮೇಲೆ ಕಿಟಕಿಗೆ ಬರಬೇಕು. ನಂತರ ದಿನಕ್ಕೊಂದು ಗಂಟೆ ಮುಂಚಿತವಾಗಿ ಬೆಳಕಿಗೆ ಬಂದರೆ ಒಂದು ವಾರದೊಳಗೆ ನೇಸರು ಮೂಡುವ ಹೊತ್ತಿಗೆ ಎಚ್ಚರವಾಗುತ್ತದೆ. ಅಮೆರಿಕದಿಂದ ಬಂದವರದ್ದು ಹಗಲು ರಾತ್ರಿ ತಿರುಗುಮುರುಗು. ಅವರ ಗಡಿಯಾರ ಮುಂದಕ್ಕೂ ಸರಿಯಬಹುದು, ಹಿಂದಕ್ಕೂ ಸರಿಯಬಹುದು. ಅಂಥವರು ಮಲಗುವ, ಏಳುವ, ಉಣ್ಣುವ ವೇಳೆಯನ್ನು ಊರಿನ ವೇಳೆಗೆ ಕಟ್ಟಿಹಾಕಿ ಅದನ್ನು ಬಿಡದೆ ಪಾಲಿಸುವುದೇ ಮೇಲು. ಮಧ್ಯಾಹ್ನ ತಡೆಯಲಾರದ ನಿದ್ರೆ ಬಂದರೆ ಅರ್ಧ ಗಂಟೆ ಮಲಗಿ ಎದ್ದುಬಿಡಬೇಕು.

ವೇಳೆಯ ಕಟ್ಟು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ ತನ್ನ ಮೇಲೆಯೇ ಪ್ರಯೋಗಿಸಿ ನೋಡಿದ. 1962ರ ಜುಲೈಯಲ್ಲಿ ಆಲ್ಪ್ಸ್ ಪರ್ವತದ ಸ್ಕಾರಾಸನ್ ಗುಹೆಗೆ ಕೈಗಡಿಯಾರವಿಲ್ಲದೆ ಇಳಿದ ಆತ ಸೆಪ್ಟೆಂಬರ್ 14ರಂದು ಹೊರಬಂದ. ಆತನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಕತ್ತಲೆಯಲ್ಲಿ ಸುಮಾರು 25 ದಿನಗಳೇ ಕಳೆದುಹೋಗಿದ್ದವು. ಮಂಗಳ ಯಾನದ ತಾಲೀಮಿಗಾಗಿ 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ ಮಾಸ್ಕೋದ ಸಂಸ್ಥೆಯೊಂದರಲ್ಲಿ ಆರು ಜನರನ್ನು 520 ದಿನ ಕೂಡಿಹಾಕಿ ನೋಡಿದಾಗಲೂ ನಿದ್ರೆ ಕೆಟ್ಟಿತು. ಒಬ್ಬರ ದಿನ 25 ಗಂಟೆಗೆ ಹಿಗ್ಗಿ, ಉಳಿದವರು ಎದ್ದಿರುವಾಗ ಅವರು ಮಲಗಿರುವಂತಾಯಿತು. ಆರೂ ಮಂದಿಯ ಓಡಾಟ ಬರಬರುತ್ತ ಕಡಿಮೆಯಾಯಿತು. ಹೆಚ್ಚು ಬಳಲಿದ ಇಬ್ಬರ ಸುತ್ತಲೇ ಬಹುಪಾಲು ಜಗಳಗಳು ಹುಟ್ಟಿದವು. ಅವರೆಲ್ಲ ಬಹಳಷ್ಟು ಪರೀಕ್ಷೆ ದಾಟಿ ಆಯ್ಕೆಯಾದ ಗಟ್ಟಿಗರು. ಆದ್ದರಿಂದ ಕೋಣೆಯಲ್ಲಿ ಕುಗ್ಗಿದವರನ್ನು ಕಂಡು ಮನಸ್ಸು ಗಟ್ಟಿ ಮಾಡಿಕೋ ಎಂದಷ್ಟೇ ಹೇಳಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಬೆಳಕು, ವೇಳೆ, ಚಲನೆ ಇವನ್ನು ಕಿತ್ತುಕೊಂಡರೆ ಎಂಥ ದೇಹವೂ ತಪ್ಪು ಹೆಜ್ಜೆ ಇಡುತ್ತದೆ.

ಚಲನೆಯ ಬಗ್ಗೆ ಒಂದು ಮಾತು. ಆರೋಗ್ಯವಂತ ಯುವಕರು ದಿನಕ್ಕೆ ಸುಮಾರು 10,000 ಹೆಜ್ಜೆ ನಡೆಯುವುದನ್ನು ಬಿಟ್ಟು ಎರಡು ವಾರ ಸಾವಿರ ಚಿಲ್ಲರೆ ಹೆಜ್ಜೆಗೆ ಇಳಿದಾಗ ಏನಾಗುತ್ತದೆಂದು ಡೆನ್ಮಾರ್ಕಿನಲ್ಲಿ ಅಳೆದಿದ್ದಾರೆ. ಕಾಲಿನ ಸ್ನಾಯು ಕರಗಿತ್ತು, ಇನ್ಸುಲಿನ್‌ಗೆ ದೇಹ ಓಗೊಡುವುದು ಕುಗ್ಗಿತ್ತು. ಎರಡು ವಾರ ಎಂದರೆ ನಮ್ಮ ಕ್ವಾರಂಟೈನಿನ ಅವಧಿಯೇ. ಸಕ್ಕರೆ ಕಾಯಿಲೆ ಇರುವವರು ಇದನ್ನು ನೆನಪಿಡಬೇಕು. ಹತ್ತಡಿ ಕೋಣೆಯಲ್ಲೂ ಉಂಡ ಮೇಲೆ ಹದಿನೈದು ನಿಮಿಷ ಅತ್ತಿಂದಿತ್ತ ನಡೆಯಬಹುದು, ಕುರ್ಚಿಯಿಂದ ಎದ್ದು ಕೂರುವುದನ್ನೇ ವ್ಯಾಯಾಮ ಮಾಡಿಕೊಳ್ಳಬಹುದು, ಫೋನಿನಲ್ಲಿ ಮಾತಾಡುವಾಗಲೆಲ್ಲ ನಿಂತೇ ಮಾತಾಡಬಹುದು.

ಇನ್ನು ಒಂಟಿತನ. ಅಮೆರಿಕದ ಎಂಐಟಿಯಲ್ಲಿ ಕೋವಿಡ್‌ಗೆ ಮೊದಲೇ ನಡೆದು 2020ರ ಕೊನೆಯಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 40 ಜನರನ್ನು ಒಂದು ದಿನ ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ ಕೂರಿಸಿದರು, ಇನ್ನೊಂದು ದಿನ ಹತ್ತು ಗಂಟೆ ಉಪವಾಸ ಕೆಡವಿದರು. ಆಮೇಲೆ ಅವರ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಹಸಿದವರಿಗೆ ಊಟದ ಚಿತ್ರ ತೋರಿಸಿದಾಗ ನಡುಮೆದುಳಿನ ಯಾವ ಭಾಗ ಮಿಡಿಯಿತೋ, ಒಂಟಿಯಾಗಿ ಕೂತಿದ್ದವರಿಗೆ ಜನ ಕೂಡಿ ನಗುವ ಚಿತ್ರ ತೋರಿಸಿದಾಗಲೂ ಅದೇ ಭಾಗ ಮಿಡಿಯಿತು. ಜನ ಬೇಕೆನ್ನಿಸುವುದು ಮೆದುಳಿನ ಮಟ್ಟದಲ್ಲಿ ಹಸಿವಿನ ಬಂಧುವೇ. ಹತ್ತು ಗಂಟೆಗೇ ಹೀಗಾದರೆ, ಮೂರು ತಿಂಗಳು ಮಗಳ ಬಾಣಂತನಕ್ಕೆಂದು ಹೋಗಿ ಬಂದು, ಮನೆಯಲ್ಲಿರುವ ಇನ್ನೊಬ್ಬ ಮೊಮ್ಮಗುವನ್ನು ಎತ್ತಿಕೊಳ್ಳಲಾಗದೆ ಎರಡು ವಾರ ಬಾಗಿಲ ಹಿಂದೆ ಕೂತ ಅಜ್ಜಿಯ ಸಂಕಟವನ್ನು ಹಗುರವಾಗಿ ಕಾಣುವಂತಿಲ್ಲ.

ಈ ಹಸಿವನ್ನು ತಣಿಸುವ ದಾರಿಗಳೆಲ್ಲ ಸಮನಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಬಾಲಕಿಯರಿಗೆ ಸಭೆಯೆದುರು ಲೆಕ್ಕ ಮಾಡಿಸಿ, ಭಾಷಣ ಮಾಡಿಸಿ ಆತಂಕ ಹುಟ್ಟಿಸಿದರು. ಬಳಿಕ ಕೆಲವರನ್ನು ಅಮ್ಮ ಬಂದು ಅಪ್ಪಿಕೊಂಡಳು, ಕೆಲವರ ಜೊತೆ ಫೋನಿನಲ್ಲಿ ಮಾತಾಡಿದಳು. ಎರಡೂ ಗುಂಪಿನಲ್ಲಿ ಆತಂಕದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು, ಬಾಂಧವ್ಯದ ಹಾರ್ಮೋನು ಆಕ್ಸಿಟೋಸಿನ್ ಏರಿತು. ಮುಂದಿನ ಅಧ್ಯಯನದಲ್ಲಿ ಅಮ್ಮನೊಂದಿಗೆ ಸಂದೇಶ ಬರೆದು ವಿನಿಮಯ ಮಾಡಿಕೊಂಡವರನ್ನು ನೋಡಿದರೆ, ಅವರ ಹಾರ್ಮೋನುಗಳು ಯಾರೂ ಮಾತಾಡಿಸದೇ ಇದ್ದವರಂತೆಯೇ ಇದ್ದವು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಳುವ ನೂರು ಶುಭೋದಯಗಳಿಗಿಂತ ಬಾಗಿಲಾಚೆಯಿಂದ ಕೇಳುವ ‘ಊಟ ಆಯ್ತೇನಪ್ಪಾ’ ಎಂಬ ದನಿ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಅದೇ ಫೋನಿನಲ್ಲಿ ಸಾವಿನ ಸುದ್ದಿಗಳ ಬೆನ್ನು ಹತ್ತುವುದರಿಂದ ಕೆಡುಕೇ ಹೆಚ್ಚು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ, ದಿನಕ್ಕೆ ಆರು ಗಂಟೆಗೂ ಹೆಚ್ಚು ಕಾಲ ಆ ಸುದ್ದಿ ನೋಡಿದವರ ಆತಂಕ ಸ್ಫೋಟದ ಸ್ಥಳದಲ್ಲೇ ಇದ್ದವರದ್ದಕ್ಕಿಂತ ಹೆಚ್ಚಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೋಣೆಯೊಳಗಿನ ಮಾತು. ಆದರೆ ಏಕಾಂತವಾಸ ಸಹ್ಯವಾಗುವುದೋ ಅಸಹನೀಯವಾಗುವುದೋ ಎಂಬುದು ಬಹುಮಟ್ಟಿಗೆ ಬಾಗಿಲ ಹೊರಗಿರುವವರ ಕೈಯಲ್ಲಿದೆ. 2003ರಲ್ಲಿ ಸಾರ್ಸ್ ರೋಗ ಹರಡಿದಾಗ ಕೆನಡಾದ ಟೊರಾಂಟೊದಲ್ಲಿ ಸುಮಾರು 15,000 ಮಂದಿ ಮನೆಯಲ್ಲೇ ಕೂತರು. ಅವರಲ್ಲಿ 129 ಜನರನ್ನು ವಿಚಾರಿಸಿದ ಅಧ್ಯಯನದಲ್ಲಿ ಶೇಕಡಾ 31ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ದಿನಗಳು ಹೆಚ್ಚಿದಷ್ಟೂ ತೊಂದರೆಯೂ ಹೆಚ್ಚಿತ್ತು. 2020ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇಂಥ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯನ್ನು ಪ್ರಕಟಿಸಿತು. ಅದು ಎತ್ತಿ ತೋರಿಸಿದ ಕಾರಣಗಳಲ್ಲಿ ಬೇಸರ, ಸೋಂಕಿನ ಭಯ ಇದ್ದವು ನಿಜ. ಅವುಗಳ ಪಕ್ಕದಲ್ಲೇ ದಿನಸಿ ಔಷಧಿ ಸಿಗದಿರುವುದು, ಅಧಿಕಾರಿಗಳು ಒಬ್ಬೊಬ್ಬರು ಒಂದೊಂದು ಹೇಳುವುದು, ಸಂಬಳ ನಿಲ್ಲುವುದು, ನೆರೆಯವರು ದೂರ ಮಾಡುವುದು ಎಲ್ಲವೂ ಇದ್ದವು. ಒಳಗೆ ಕೂತವರು ಎಷ್ಟು ಪ್ರಾಣಾಯಾಮ ಮಾಡಿದರೂ ಇವುಗಳಲ್ಲಿ ಒಂದನ್ನೂ ಸರಿಪಡಿಸಲಾರರು.

ಚಂದ್ರನಿಂದ ಮರಳಿದವರನ್ನೂ ಹೀಗೆ ಕೂರಿಸಿದ್ದರು. 1969ರ ಜುಲೈ 24ರಂದು ಪೆಸಿಫಿಕ್ ಸಾಗರದಲ್ಲಿ ಇಳಿದ ಅಪೊಲೊ 11ರ ಮೂವರನ್ನು, ಚಂದ್ರನ ಸೂಕ್ಷ್ಮಾಣುಗಳು ಅಂಟಿಕೊಂಡಿದ್ದಾವೇನೋ ಎಂಬ ಶಂಕೆಯಿಂದ, ಮುಚ್ಚಿದ ವಾಹನಕ್ಕೆ ಹತ್ತಿಸಿದರು. ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯ ಗಾಜಿನಾಚೆ ನಿಂತು ಮಾತಾಡಿಸಿದರು. ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ 39ನೇ ಹುಟ್ಟುಹಬ್ಬವನ್ನು ಹ್ಯೂಸ್ಟನ್‌ನ ಪ್ರತ್ಯೇಕವಾಸದಲ್ಲೇ ಆಚರಿಸಿಕೊಂಡು, ಆಗಸ್ಟ್ 10ರಂದು ಹೊರಬಂದರು. ಆ ಮೂವರ ಜೊತೆಗೆ ವೈದ್ಯರು, ಅಡುಗೆಯವರು ತಾವೂ ಒಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಹೊರಗಿನ ಜಗತ್ತು ಅವರನ್ನು ವೀರರೆಂದು ಕಾದಿತ್ತು.

ನಮ್ಮಲ್ಲಿ ವಿದೇಶದಿಂದ ಬಂದವರಿಗೆ ಸಿಕ್ಕ ಸ್ವಾಗತ ಬೇರೆ. ಮನೆಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿತು. ಒಳಗಿದ್ದವರ ವಿಳಾಸಗಳ ಪಟ್ಟಿ ಜಿಲ್ಲಾವಾರು ಪ್ರಕಟವಾಗಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಮಾರ್ಚ್ 30ರಿಂದ, ರಾತ್ರಿ 10ರಿಂದ ಬೆಳಗಿನ 7ರವರೆಗಿನ ಹೊತ್ತು ಬಿಟ್ಟು ಉಳಿದಂತೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ಆ್ಯಪ್‌ಗೆ ಕಳಿಸಬೇಕೆಂಬ ಆದೇಶ ಬಂತು. ಕೆಲವರು ನಿಯಮ ಮುರಿದು ಓಡಾಡಿದ್ದೂ, ಸರ್ಕಾರ ಅವಸರದಲ್ಲಿ ಕೈಗೆ ಸಿಕ್ಕ ಉಪಾಯ ಹಿಡಿದದ್ದೂ ಗೊತ್ತಿರುವ ವಿಷಯವೇ. ಆದರೂ ವಿಳಾಸ ಬಯಲು ಮಾಡಿದ್ದು ತಪ್ಪು ಎಂದೇ ನನ್ನ ತೀರ್ಮಾನ. ಹೆಸರು ಬಯಲಾಗುತ್ತದೆಂಬ ಭಯ ಹುಟ್ಟಿದರೆ ಮುಂದಿನವರು ಪ್ರಯಾಣವನ್ನೇ ಮುಚ್ಚಿಡುತ್ತಾರೆ. ವೈರಾಣುವಿಗೆ ಬೇಕಾದದ್ದು ಅದೇ. ಲ್ಯಾನ್ಸೆಟ್‌ನ ವಿಮರ್ಶೆ ಹೇಳಿದ್ದೂ ಇದಕ್ಕೆ ಹತ್ತಿರವಾದ ಮಾತು: ಒತ್ತಾಯಕ್ಕಿಂತ, ಇತರರನ್ನು ಕಾಪಾಡಲು ನೀವು ಇದನ್ನು ಮಾಡುತ್ತಿದ್ದೀರಿ ಎಂಬ ತಿಳಿವಳಿಕೆ ಮತ್ತು ಕೃತಜ್ಞತೆಯಿಂದ ಕೂರಿಸುವುದು ಒಳ್ಳೆಯದು.

ನೂರು ವರ್ಷದ ಹಿಂದೆ ಪ್ಲೇಗು ಬಂದಾಗ ನಮ್ಮ ಊರುಗಳ ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕಷ್ಟ ಭೀಕರವಾಗಿತ್ತು, ಆದರೆ ಒಲೆಯ ಪಕ್ಕ ಇನ್ನೊಂದು ಒಲೆ ಉರಿಯುತ್ತಿತ್ತು. 2020ರಲ್ಲಿ ಒಬ್ಬೊಬ್ಬರೇ ಕೂತರು. ಕೂರಲು ಪ್ರತ್ಯೇಕ ಕೋಣೆಯೇ ಇಲ್ಲದ ವಠಾರದ ಮನೆಗಳ, ಕೊಲ್ಲಿ ದೇಶದಲ್ಲಿ ಕೂಲಿ ಮಾಡಿ ಮರಳಿದವರ ಪಾಲಿಗೆ ಈ ಅಧ್ಯಾಯದ ಕಿಟಕಿ ಕುರ್ಚಿಗಳ ಸಲಹೆಯೂ ದುಬಾರಿಯೇ. ಅಂಥವರಿಗೆ ಹಾಸ್ಟೆಲುಗಳಲ್ಲಿ ಗಾಳಿ ಬೆಳಕಿರುವ ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಕಳೆದುಕೊಂಡ ಕೂಲಿಗೆ ಪರಿಹಾರ ಒದಗಿಸುವುದು ಸರ್ಕಾರದ ಹೊಣೆ.

ನಿಮ್ಮ ಬೀದಿಯಲ್ಲಿ ಮುಂದೊಂದು ದಿನ ಯಾರಾದರೂ ಹೀಗೆ ಬಾಗಿಲು ಹಾಕಿಕೊಂಡು ಕೂರಬೇಕಾಗಿ ಬಂದರೆ, ಹಾಲು ತರಕಾರಿ ಗೇಟಿನ ಬಳಿ ಇಟ್ಟು ಫೋನ್ ಮಾಡಿ. ದಿನವೂ ಒಂದೇ ಹೊತ್ತಿಗೆ ಮಾಡಿ, ಅವರ ದಿನಕ್ಕೆ ಅದೂ ಒಂದು ಗೂಟವಾಗುತ್ತದೆ. ಕಿಟಕಿಗಳನ್ನು ತೆರೆದಿಡಲು ಹೇಳಿ. ಕೋವಿಡ್ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆಂದು ನಂತರ ಸ್ಪಷ್ಟವಾಗಿದೆ, ತಟ್ಟೆ ಲೋಟ ಮೂರು ಸಲ ತೊಳೆಯುವುದಕ್ಕಿಂತ ತೆರೆದ ಕಿಟಕಿ ಹೆಚ್ಚು ಕಾಪಾಡುತ್ತದೆ. ಮಾತಿನಲ್ಲಿ ಬದುಕೇ ಸಾಕೆಂಬ ದನಿ ಕೇಳಿಸಿದರೆ, ಹಲವು ದಿನಗಳಿಂದ ನಿದ್ರೆ ಊಟ ಎರಡೂ ಬಿಟ್ಟಿದ್ದಾರೆಂದು ತಿಳಿದರೆ, ನಾಳೆ ನೋಡೋಣ ಎನ್ನಬೇಡಿ. 14416 ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಅವರಿಂದಲೇ ಮಾಡಿಸಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಕರೆಗೆ ಹಣವಿಲ್ಲ.